ಅಲಾಯ್ ವೀಲ್ ಮೇಲಿನ ಹಳೇ ವೇಟ್ ಗಮ್ಮು: ಬಣ್ಣಕ್ಕೆ ಏನೂ ಆಗದ ಹಾಗೆ ತೆಗೆಯೋದು ಹೇಗೆ?

ಎರಡನೇ_ಗೇರ್:
ಕಳೆದ ವಾರ ನಾಲ್ಕೂ ಟೈರ್ ಬದಲಾಯಿಸಿದೆ. ಗಾಡಿಗೆ ಏಳು ವರ್ಷ, 16 ಇಂಚಿನ ಅಲಾಯ್, ಗಾಡಿ ಜೊತೆಗೇ ಬಂದಿದ್ದು. ಟೈರ್ ಬಿಚ್ಚಿದಾಗ ವೀಲ್ ಒಳಭಾಗ ನೋಡಿ ಹೊಟ್ಟೆ ಉರಿದುಹೋಯ್ತು. ಏಳು ವರ್ಷದಲ್ಲಿ ಎಷ್ಟು ಸಲ ಬ್ಯಾಲೆನ್ಸಿಂಗ್ ಆಗಿದೆಯೋ ಅಷ್ಟೂ ಸಲದ ಗಮ್ಮು ಅಲ್ಲೇ ಇದೆ. ವೀಲು ಅಲ್ಲಾಡದೆ ಸಮನಾಗಿ ತಿರುಗಲಿ ಅಂತ ಒಳಗೆ ಅಂಟಿಸೋ ಸಣ್ಣ ಲೋಹದ ತುಂಡೇ ವೇಟು. ಟೈರ್ ಅಂಗಡಿ ಹುಡುಗರು ಹಳೇ ವೇಟನ್ನ ಸ್ಕ್ರೂ ಡ್ರೈವರಲ್ಲಿ ಎಬ್ಬಿಸೋದು, ಪಕ್ಕದಲ್ಲಿ ಹೊಸದು ಅಂಟಿಸೋದು, ಅಷ್ಟೇ. ಈಗ ಒಂದೊಂದು ವೀಲಲ್ಲೂ ಐದಾರು ಕಡೆ ಕಪ್ಪು ಪಟ್ಟಿ, ಎಲೆಕ್ಷನ್ ಮುಗಿದು ವರ್ಷ ಆದಮೇಲೆ ಗೋಡೆ ಮೇಲೆ ಉಳಿಯೋ ಪೋಸ್ಟರ್ ಥರ. ಬ್ರೇಕ್ ಧೂಳೆಲ್ಲ ಅದಕ್ಕೇ ಮೆತ್ತಿಕೊಂಡು ಗಟ್ಟಿಯಾಗಿದೆ. ಸ್ಪೋಕ್ ಸಂದಿಯಿಂದ ಚೆನ್ನಾಗಿಯೇ ಕಾಣುತ್ತೆ.

ಉಗುರಲ್ಲಿ ಕೆರೆದು ನೋಡಿದೆ. ವೇಟ್ ಟೇಪಿನ ಬೂದು ಸ್ಪಂಜು ಚೂರು ಚೂರಾಗಿ ಎದ್ದು ಬರುತ್ತೆ, ಕೆಳಗಿನ ಅಂಟು ಅಲ್ಲಾಡಲ್ಲ. ಅಮ್ಮ ಸೀಮೆಎಣ್ಣೆ ಅಂತಾರೆ, ಪಕ್ಕದ ಮನೆಯವರು ಥಿನ್ನರ್ ಅಂತಾರೆ, ಟೈರ್ ಅಂಗಡಿಯವರು "ಒಳಗಡೆ ಯಾರ್ ನೋಡ್ತಾರೆ ಸಾರ್, ಬಿಡಿ" ಅಂತಾರೆ. ಮಾಡಿ ನೋಡಿದವರು ಯಾರಾದ್ರೂ ಇದ್ರೆ ಹೇಳಿ.

ಬಿಸಿಲೂರು:
ಟೈರ್ ಅಂಗಡಿಯವ್ರು ಹೇಳಿದ್ದೇ ಖರೆ. ಬಿಡ್ರಿ.

ಪಾನಾ_ಪಕ್ಕಡ್:
ಬಿಡೋ ಹಾಗಿಲ್ಲ. ಮುಂದಿನ ಸಲ ಹೊಸ ವೇಟನ್ನ ಅದೇ ಹಳೇ ಗಮ್ಮಿನ ಮೇಲೆ ಅಂಟಿಸ್ತಾರೆ. ಅದು ಮೆಟಲ್ ಹಿಡಿದಿರಲ್ಲ, ಧೂಳು ಹಿಡಿದಿರುತ್ತೆ. ಎರಡು ಸಲ ಪ್ರೆಶರ್ ವಾಷ್ ಹೊಡೆದರೆ ಹಾರಿಹೋಗುತ್ತೆ. ಆಮೇಲೆ 90ರಲ್ಲಿ ಸ್ಟೀರಿಂಗ್ ನಡುಗುತ್ತೆ, ನೀವು ಸಸ್ಪೆನ್ಷನ್ ಹೋಯ್ತು ಅಂತ ಗ್ಯಾರೇಜಿಗೆ ಸಾವಿರಗಟ್ಟಲೆ ಸುರೀತೀರಿ.

ನಾನು ಮಾಡೋ ರೀತಿ: ಹೇರ್ ಡ್ರೈಯರ್. ಒಂದೊಂದು ಪಟ್ಟಿಗೂ ಎರಡು ಮೂರು ನಿಮಿಷ ಬಿಸಿಗಾಳಿ. ಕೈ ಇಟ್ಟರೆ ಬಿಸಿ ಅನ್ನಿಸಬೇಕು, ಆದರೆ ಕೈ ತೆಗೆಯೋ ಹಾಗಾಗಬಾರದು. ಆಮೇಲೆ ಹಳೇ ಎಟಿಎಂ ಕಾರ್ಡನ್ನ ಮಲಗಿಸಿ, ಅಂಚಿನಿಂದ ನಿಧಾನಕ್ಕೆ ತಳ್ಳಿ. ಸ್ಪಂಜು ಸುರುಳಿ ಸುತ್ತಿಕೊಂಡು ಬರುತ್ತೆ, ಚಪಾತಿ ಹಿಟ್ಟು ಲಟ್ಟಣಿಗೆಗೆ ಅಂಟಿಕೊಂಡು ಬರೋ ಹಾಗೆ. ಹಿಟ್ಟಿಗೇ ಹಿಟ್ಟು ಒತ್ತಿ ಎತ್ತೋ ಹಾಗೆ, ಬಂದ ಗಮ್ಮಿನ ಉಂಡೆಯಿಂದಲೇ ಉಳಿದಿದ್ದನ್ನ ಒತ್ತಿ ಒತ್ತಿ ಎತ್ತಬಹುದು. ಅರ್ಧ ಕೆಲಸ ಅಲ್ಲೇ ಮುಗೀತು, ಒಂದು ಹನಿ ಕೆಮಿಕಲ್ ಇಲ್ಲದೆ.

ಕಡಲತಡಿ:
ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಂತ ಹಚ್ಚುತ್ತೀರಿ ಮಾರಾಯ್ರೆ? ತೆಂಗಿನೆಣ್ಣೆ ಅಲ್ವಾ? ಇದೂ ಅಷ್ಟೇ. ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ, ಬಟ್ಟೆಯಲ್ಲಿ ಒರೆಸಿ. ನಾನು ನನ್ನ ಗಾಡಿಗೆ ಹಾಗೆಯೇ ಮಾಡಿದ್ದು. ಇದಕ್ಕೆಲ್ಲ ಡ್ರೈಯರ್ ಯಾಕೆ?

ಪಾನಾ_ಪಕ್ಕಡ್:
ಹಲಸಿನ ಮೇಣ ಹಸೀದು ಸ್ವಾಮಿ. ಇದು ಏಳು ವರ್ಷ ಬ್ರೇಕ್ ಬಿಸಿಯಲ್ಲಿ ಬೆಂದಿರೋ ಗಮ್ಮು.

ಕಡಲತಡಿ:
ಹಾಗಾದರೆ ಒಂದು ರಾತ್ರಿ ಬಿಡಿ. ಅವಸರ ಎಂತದ್ದು?

ಮಲ್ಲೇಶ್ವರದ_ಮೆಟ್ಟಿಲು:
ಬೆಂಗಳೂರಲ್ಲಿ ಡಿಸೆಂಬರಲ್ಲಿ ತೆಂಗಿನೆಣ್ಣೆ ಹಚ್ಚಿದ್ರೆ ಬೆಳಗ್ಗೆ ಅದೇ ಗಟ್ಟಿಯಾಗಿ ಕೂತಿರುತ್ತೆ. 24 ಡಿಗ್ರಿ ಕೆಳಗೆ ಹೋದ್ರೆ ಸಾಕು, ಬಾಟ್ಲಿಯಿಂದಲೇ ಇಳಿಯಲ್ಲ.

ಧಾರವಾಡ_ಫೇಡೆ:
ಚಿಮಣಿ ಎಣ್ಣಿ ಹಚ್ರಿ. ನಮ್ಮಪ್ಪ ಗಾಡಿ ಟ್ಯಾಂಕಿನ ಮ್ಯಾಲಿನ ಸ್ಟಿಕ್ಕರ್, ಡಾಂಬರು, ಗ್ರೀಸು ಎಲ್ಲಾದಕ್ಕೂ ಅದನ್ನ ಹಚ್ಚತಿದ್ರು. ಹತ್ತಿ ನೆನಸಿ ಹತ್ತು ನಿಮಿಷ ಇಡೂದು, ಒರಸೂದು. ಪೇಂಟಿಗೆ ಏನೂ ಆಗಿಲ್ಲ. ಆ ಗಾಡಿ ಇನ್ನೂ ಅದ.

ಬಿಸಿಲೂರು:
ಚಿಮಣಿ ಎಣ್ಣಿ ಅಂದ್ರೇನ್ರಿ? ನಮ್ ಕಡಿ ಗ್ಯಾಸೆಣ್ಣಿ ಅಂತಾರ.

ಮಲ್ಲೇಶ್ವರದ_ಮೆಟ್ಟಿಲು:
ಸೀಮೆಎಣ್ಣೆ.

ಕಡಲತಡಿ:
ನಮ್ಮಲ್ಲೂ ಚಿಮಿಣಿ ಎಣ್ಣೆಯೇ. ಹೆಸರು ಎಂತ ಬೇಕಾದರೂ ಇರಲಿ, ಈಗ ಎಲ್ಲಿ ಸಿಗ್ತದೆ ಅದನ್ನು ಹೇಳಿ. ರೇಷನ್ ಅಂಗಡಿಯಲ್ಲಿ ಆ ನೀಲಿ ಬಣ್ಣದ್ದು ನೋಡದೆ ವರ್ಷಗಳಾಯ್ತು.

ಧಾರವಾಡ_ಫೇಡೆ:
ಅದೂ ಖರೆ ಅದ. ನಮ್ಮ ಮನ್ಯಾಗ ಒಂದು ಹಳೇ ಕ್ಯಾನ್ ಅದ, ತಳದಾಗ ಒಂದೀಟು. ಅಜ್ಜಿ ಮುಟ್ಟಾಕ ಬಿಡಂಗಿಲ್ಲ.

ಲ್ಯಾಬ್_ಮೇಡಂ:
ಕಾಲೇಜಲ್ಲಿ ರಸಾಯನಶಾಸ್ತ್ರ ಪಾಠ ಮಾಡ್ತೀನಿ, ನನ್ನ ಗಾಡಿ ನಾನೇ ತೊಳೀತೀನಿ, ಹಾಗಾಗಿ ಎರಡೂ ಅಧಿಕಾರದಿಂದ ಮಾತಾಡ್ತಾ ಇದ್ದೀನಿ.

ಯಾವ ಎಣ್ಣೆ ಅನ್ನೋ ಜಗಳಕ್ಕೆ ಮುಂಚೆ ನಿಮ್ಮ ವೀಲ್ ಮೇಲೆ ಏನಿದೆ ಅಂತ ನೋಡಿ. ಸಾಮಾನ್ಯ ಬೆಳ್ಳಿ ಬಣ್ಣದ ಅಲಾಯ್ ಅಂದರೆ ಕೆಳಗೆ ಅಲ್ಯೂಮಿನಿಯಂ, ಅದರ ಮೇಲೆ ಪೌಡರ್ ಅಥವಾ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್. ನೀವು ಮುಟ್ಟೋದು ಆ ಕ್ಲಿಯರ್ ಕೋಟನ್ನ, ಲೋಹವನ್ನಲ್ಲ. ಡೈಮಂಡ್ ಕಟ್ ವೀಲಾದರೆ, ಅಂದರೆ ಮುಖದ ಮೇಲೆ ಸಿ.ಡಿ. ಥರ ಸಣ್ಣ ಗೆರೆ ಹೊಳೆಯೋದು, ಅಲ್ಲಿ ಬಣ್ಣವೇ ಇಲ್ಲ. ಕೊರೆದ ಲೋಹ, ಅದರ ಮೇಲೆ ತೆಳ್ಳಗೆ ಕ್ಲಿಯರ್, ಅಷ್ಟೇ. ಅದು ಒಂದು ಕಡೆ ಕಿತ್ತರೆ ನೀರು ಒಳಗೆ ಹೋಗಿ ಬಿಳಿ ಎಳೆ ಎಳೆಯಾಗಿ, ಗೆದ್ದಲು ಹರಿದ ಹಾಗೆ ಹಬ್ಬುತ್ತೆ. ಅದನ್ನ ಮತ್ತೆ ಲೇತಿಗೆ ಹಾಕದೆ ಸರಿಮಾಡೋಕಾಗಲ್ಲ. ಮೂರನೇದು, ಯಾರೋ ಲೋಕಲ್ಲಾಗಿ ಸ್ಪ್ರೇ ಹೊಡೆಸಿರೋ ವೀಲು. ಅದಕ್ಕೆ ಥಿನ್ನರ್ ತೋರಿಸಿದರೂ ಸಾಕು, ಬಣ್ಣ ಬಟ್ಟೆಗೆ ಬರುತ್ತೆ.

ಇನ್ನು ಗಮ್ಮು. ಇದು ಫೆವಿಕಾಲ್ ಥರ ಒಣಗಿ ಗಟ್ಟಿಯಾಗೋ ಅಂಟಲ್ಲ, ಒತ್ತಿದರೆ ಹಿಡಿಯೋ ಅಂಟು, ಯಾವತ್ತೂ ಅರೆಮೆತ್ತಗೇ ಇರುತ್ತೆ. ಮೇಲೆ ಧೂಳು ಸೇರಿ ಸಿಪ್ಪೆ ಕಟ್ಟಿರುತ್ತೆ ಅಷ್ಟೇ. ಆದ್ದರಿಂದ ಮೊದಲು ಸ್ಪಂಜಿನ ಪದರ ಬಿಸಿಯಲ್ಲಿ ಎಬ್ಬಿಸಿ, ಆಮೇಲೆ ತೆಳ್ಳಗೆ ಉಳಿದ ಅಂಟಿಗೆ ಎಣ್ಣೆ ಹಚ್ಚಿ. ತೆಂಗಿನೆಣ್ಣೆ, ಸೀಮೆಎಣ್ಣೆ, ನೀಲಗಿರಿ ಎಣ್ಣೆ, ತುಕ್ಕು ಬಿಡಿಸೋ ಡಬ್ಲ್ಯೂಡಿ-40 ಸ್ಪ್ರೇ, ಎಲ್ಲ ಮಾಡೋ ಕೆಲಸ ಒಂದೇ: ಅಂಟಿನೊಳಗೆ ಇಳಿದು ಅದನ್ನ ಉಬ್ಬಿಸೋದು. ಅದಕ್ಕೆ ಸಮಯ ಬೇಕು, ಬಲ ಬೇಡ. ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನ ಅದರ ಮೇಲೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಹೋಗಿ ಕಾಫಿ ಕುಡಿದು ಬನ್ನಿ. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಎಣ್ಣೆ ಜಿಡ್ಡು ತೆಗೆಯಿರಿ.

ಏನೇ ಹಚ್ಚಿದರೂ ಮೊದಲು ಒಳಮೈಯಲ್ಲಿ, ಕಾಣದ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಹಚ್ಚಿ ನೋಡಿ. ಬಟ್ಟೆಗೆ ಬಣ್ಣ ಬಂತಾ, ಬೆರಳಿಗೆ ಅಂಟು ಅಂಟಾಯ್ತಾ, ಹೊಳಪು ಸತ್ತಿತಾ? ಹೌದು ಅಂದರೆ ಅಲ್ಲಿಗೇ ನಿಲ್ಲಿಸಿ.

ಅಂದಹಾಗೆ ಎರಡನೇ_ಗೇರ್, ಈಗಾಗಲೇ ಏನಾದ್ರೂ ಹಾಕಿದ್ದೀರಾ?

ಎರಡನೇ_ಗೇರ್:
ಒಂದು ವೀಲಿಗೆ ಥಿನ್ನರ್ ಹಾಕಿದೆ ಮೇಡಂ.

ಪಾನಾ_ಪಕ್ಕಡ್:
ಅಯ್ಯೋ.

ಮಲ್ಲೇಶ್ವರದ_ಮೆಟ್ಟಿಲು:
"ಮಾಡಿ ನೋಡಿದವರು ಯಾರಾದ್ರೂ ಇದ್ರೆ ಹೇಳಿ" ಅಂತ ಕೇಳಿದ್ದವರೇ ಮಾಡಿ ನೋಡಿದವರು!

ಎರಡನೇ_ಗೇರ್:
ನಗಬೇಡಿ. ಎಡ ಹಿಂದಿನ ವೀಲು. ಗೇಟಿಗೆ ಪೇಂಟ್ ಮಾಡಿ ಉಳಿದಿದ್ದ ಥಿನ್ನರ್ ಇತ್ತು. ಬಟ್ಟೆಗೆ ಹಾಕಿ ಒರೆಸಿದ್ರೆ ಆಗಿತ್ತೇನೋ, ನಾನು ಬಾಟ್ಲಿಯಿಂದ ನೇರವಾಗಿ ಸುರಿದೆ. ಗಮ್ಮು ಕರಗಿತು, ನಿಜ. ಆದರೆ ಕರಗಿದ ಕಪ್ಪು ನೀರು ಒಂದು ಸ್ಪೋಕ್ ಮೇಲೆ ಇಳಿದು ಬಂತು. ಗಾಬರಿಯಲ್ಲಿ ತಕ್ಷಣ ಒರೆಸಿದೆ. ಒಣಗಿದ ಮೇಲೆ ನೋಡಿದ್ರೆ ಅಲ್ಲಿ ಉದ್ದಕ್ಕೆ ಮಬ್ಬು ಗೆರೆ, ಕನ್ನಡಕದ ಮೇಲೆ ಉಸಿರು ಬಿಟ್ಟ ಹಾಗೆ. ಒದ್ದೆ ಮಾಡಿದ್ರೆ ಮಾಯ, ಒಣಗಿದ್ರೆ ಮತ್ತೆ ಪ್ರತ್ಯಕ್ಷ.

ಲ್ಯಾಬ್_ಮೇಡಂ:
ಒದ್ದೆ ಮಾಡಿದಾಗ ಕಾಣಲ್ಲ ಅಂದರೆ ಒಳ್ಳೇ ಸುದ್ದಿ, ಕ್ಲಿಯರ್ ಪೂರ್ತಿ ಹೋಗಿಲ್ಲ, ಮೇಲ್ಮೈ ಮಾತ್ರ ತರಿ ತರಿಯಾಗಿದೆ. ಥಿನ್ನರಲ್ಲಿ ಟಾಲ್ಯೂನ್, ಅಸಿಟೋನ್ ಥರದ್ದು ಇರುತ್ತೆ, ಅದು ಕ್ಲಿಯರ್ ಕೋಟನ್ನ ಮೆತ್ತಗೆ ಮಾಡುತ್ತೆ. ಮೆತ್ತಗಿರುವಾಗಲೇ ನೀವು ಒರೆಸಿದಿರಿ, ಗೀರು ಅಲ್ಲೇ ಉಳೀತು. ಒರೆಸದೆ ನೀರು ಸುರಿದಿದ್ದರೆ ಇಷ್ಟಾಗ್ತಿರಲಿಲ್ಲವೇನೋ. ಎರಡು ಮೂರು ದಿನ ಮುಟ್ಟಬೇಡಿ, ಮತ್ತೆ ಗಟ್ಟಿಯಾಗಲಿ. ಆಮೇಲೆ ನುಣ್ಣನೆ ಪಾಲಿಶ್ ಕಾಂಪೌಂಡನ್ನ ಕೈಯಲ್ಲೇ, ಮೈಕ್ರೋಫೈಬರ್ ಬಟ್ಟೆಯಲ್ಲಿ ಹಾಕಿ ನೋಡಿ. ಮುಕ್ಕಾಲು ಪಾಲು ಹೊಳಪು ಬರಬಹುದು.

ಧಾರವಾಡ_ಫೇಡೆ:
ಉಗುರಿನ ಬಣ್ಣ ತಗಿಯೂದು ಇರ್ತದಲ್ಲ, ಅದೂ ಥಿನ್ನರ್ರಿನ ತಂಗೀನೇ. ನಮ್ಮ ಮನೀಯವರದು ಕದ್ದು ಹಚ್ಚಿ ಬೈಸಿಕೊಂಡೇನಿ. ವೀಲ್ ಕವರ್ ಪ್ಲಾಸ್ಟಿಕ್ ಇತ್ತು, ಕರಗಿ ಬೆರಳಿನ ಗುರುತು ಮೂಡಿತು. ಇನ್ನೂ ಅದರ ಮ್ಯಾಲೆ ನನ್ನ ಹೆಬ್ಬೆಟ್ಟು ಅದ.

ಲ್ಯಾಬ್_ಮೇಡಂ:
ಸ್ಟೀಲ್ ವೀಲು, ಪ್ಲಾಸ್ಟಿಕ್ ಕವರ್ ಇರೋರು ಇದನ್ನ ಬರೆದಿಟ್ಕೊಳ್ಳಿ. ಆ ಕವರ್ ಎಷ್ಟೋ ಸಲ ಎಬಿಎಸ್ ಪ್ಲಾಸ್ಟಿಕ್. ಅಸಿಟೋನ್ ಅದನ್ನ ಕರಗಿಸಿಬಿಡುತ್ತೆ. ಪೆಟ್ರೋಲೂ ಬೇಡ. ಬೆಂಕಿ ಮಾತು ಒಂದು ಕಡೆ ಇರಲಿ, ಅದರ ಆವಿಯಲ್ಲಿ ಬೆಂಜೀನ್ ಇರುತ್ತೆ, ಬಗ್ಗಿ ಕೂತು ಅರ್ಧ ಗಂಟೆ ಮೂಸೋ ವಸ್ತುವಲ್ಲ ಅದು.

ಬಿಸಿಲೂರು:
ನಮ್ ಊರಾಗ ಡ್ರೈಯರ್ ಬೇಕೇ ಇಲ್ಲ. ಏಪ್ರಿಲ್‌ದಾಗ ಮಧ್ಯಾಹ್ನ ಗಾಡಿ ಬಯಲಾಗ ನಿಲ್ಸಿದ್ರ ಗಮ್ಮು ತಾನೇ ಜಾರಿ ಕೆಳಗ ಬರ್ತದ. 42 ಡಿಗ್ರಿ ಸುಮ್ನೆ ಅಲ್ಲ.

ಪಾನಾ_ಪಕ್ಕಡ್:
ಸ್ಪಂಜು ಎಬ್ಬಿಸೋಕೆ ಬಿಸಿಲು ಒಳ್ಳೇದೇ. ಆದರೆ ಎಣ್ಣೆ, ಆಲ್ಕೋಹಾಲ್ ಹಚ್ಚೋವಾಗ ನೆರಳಿಗೆ ತನ್ನಿ. ಬಿಸಿ ವೀಲಿನ ಮೇಲೆ ಆಲ್ಕೋಹಾಲ್ ಹಾಕಿದ ಕೂಡಲೇ ಹಾರಿಹೋಗುತ್ತೆ, ಅಂಟು ಹಾಗೇ ಬಳಿದುಕೊಳ್ಳುತ್ತೆ. ಗಾಡಿ ಓಡಿಸಿಕೊಂಡು ಬಂದ ತಕ್ಷಣವಂತೂ ಮಾಡಲೇಬೇಡಿ, ಡಿಸ್ಕ್ ಕುದೀತಾ ಇರುತ್ತೆ. ಲೈಟರ್ ಹಿಡಿದು ಬಿಸಿ ಮಾಡೋ ಮಹಾನುಭಾವರನ್ನೂ ನೋಡಿದ್ದೀನಿ. ಗಮ್ಮಿಗೆ ಮಸಿ ಹತ್ತಿ ಇನ್ನೂ ಕಪ್ಪಾಯ್ತು, ಕ್ಲಿಯರ್ ಗುಳ್ಳೆ ಎದ್ದಿತು.

ಮಲ್ಲೇಶ್ವರದ_ಮೆಟ್ಟಿಲು:
ಆಲ್ಕೋಹಾಲ್ ಅಂದ್ರೆ, ಕೊರೋನಾ ಕಾಲದ ಸ್ಯಾನಿಟೈಸರ್ 5 ಲೀಟರ್ ಕ್ಯಾನ್ ಇನ್ನೂ ಅಟ್ಟದ ಮೇಲಿದೆ. ನಡೆಯುತ್ತಾ?

ಲ್ಯಾಬ್_ಮೇಡಂ:
ಜೆಲ್ ಬೇಡ, ಮಂದ ಮಾಡೋಕೆ ಹಾಕಿರೋದು ಲೋಳೆ ಲೋಳೆಯಾಗಿ ಉಳಿಯುತ್ತೆ. ನೀರಿನ ಹಾಗಿರೋದಾದರೆ ನೋಡಬಹುದು, ಅದರಲ್ಲೂ ಕೈ ಒಣಗದಿರಲಿ ಅಂತ ಸ್ವಲ್ಪ ಗ್ಲಿಸರಿನ್ ಹಾಕಿರ್ತಾರೆ. ಒರೆಸೋಕೆ ಪರವಾಗಿಲ್ಲ. ಹೊಸ ವೇಟ್ ಅಂಟಿಸೋ ಮುಂಚಿನ ಕೊನೇ ಒರೆಸುವಿಕೆಗೆ ಮಾತ್ರ ಮೆಡಿಕಲ್ ಶಾಪಿನ ಶುದ್ಧ ಐಸೋಪ್ರೊಪೈಲ್ ತನ್ನಿ, ಗ್ಲಿಸರಿನ್ ಪದರದ ಮೇಲೆ ಯಾವ ಟೇಪೂ ನಿಲ್ಲಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ:
ಇಲ್ಲಿ ಜರ್ಮನೀಲಿ ಚಳಿಗಾಲಕ್ಕೆ ಒಂದು ಸೆಟ್ ವೀಲು, ಬೇಸಿಗೆಗೆ ಇನ್ನೊಂದು. "ಓ ಇಂದ ಓ ತನಕ" ಅಂತಾರೆ, ಓಕ್ಟೋಬರ್, ಅಂದರೆ ಅಕ್ಟೋಬರಿಂದ ಓಸ್ಟರ್ನ್, ಅಂದರೆ ಈಸ್ಟರ್ ತನಕ ಚಳಿ ಟೈರು. ವರ್ಷಕ್ಕೆರಡು ಸಲ ವೀಲು ಬಿಚ್ಚೋದರಿಂದ ಈ ಗಮ್ಮಿನ ಜೊತೆ ನನ್ನದು ಹಳೇ ಸಂಬಂಧ.

ನಿಮ್ಮ ಕಡೆ ಬಹುಶಃ ಇನ್ನೂ ಸೀಸದ ವೇಟ್ ಸಿಗುತ್ತೆ. ಯುರೋಪಲ್ಲಿ 2005ರ ಜುಲೈಯಿಂದ ಕಾರ್ ವೀಲಿಗೆ ಸೀಸ ಬಂದ್. ಇಲ್ಲಿ ಸತು ಇಲ್ಲಾ ಸ್ಟೀಲ್. ಸ್ಟೀಲಿನದು ಮೇಲಿನ ಲೇಪ ಹೋದರೆ ತುಕ್ಕು ಹಿಡಿಯುತ್ತೆ, ಗಮ್ಮಿನ ಸುತ್ತ ಕಂದು ಗೆರೆ ಬಿಡುತ್ತೆ. ಅದನ್ನೂ ಗಮ್ಮು ಅಂದುಕೊಂಡು ಉಜ್ಜಿ ಉಜ್ಜಿ ಪೇಂಟ್ ತೆಗೆಯೋರಿದ್ದಾರೆ. ಕಂದು ಕಲೆ ಎಣ್ಣೆಗೆ ಬಗ್ಗಲ್ಲ, ಅದಕ್ಕೆ ಕಬ್ಬಿಣದ ಕಣ ಕರಗಿಸೋ ವೀಲ್ ಕ್ಲೀನರೇ ಬೇಕು, ಹಾಕಿದರೆ ನೇರಳೆ ಬಣ್ಣ ಬಿಟ್ಟುಕೊಳ್ಳುತ್ತಲ್ಲ ಅದು. ವೇಟ್ ಸೀಸದ್ದಾ ಸ್ಟೀಲಿನದ್ದಾ ಗೊತ್ತಾಗದಿದ್ದರೆ ಆಯಸ್ಕಾಂತ ಹಿಡಿದು ನೋಡಿ.

ನಾನು ಬಳಸೋದು ಕಿತ್ತಳೆ ಸಿಪ್ಪೆ ಎಣ್ಣೆಯ ಸ್ಪ್ರೇ. ಹೊಡೆದ ತಕ್ಷಣ ಕೊಡಗಿನ ಕಿತ್ತಳೆ ಸುಲಿದ ವಾಸನೆ. ಹತ್ತು ವರ್ಷ ಊರು ಬಿಟ್ಟವನಿಗೆ ವೀಲ್ ತೊಳೆಯೋವಾಗ ಮಡಿಕೇರಿ ನೆನಪಾಗೋದು ವಿಚಿತ್ರ. ಅದನ್ನೂ ಮನೆ ಮುಂದೆ ತೊಳೆಯೋ ಹಾಗಿಲ್ಲ ಇಲ್ಲಿ, ಎಷ್ಟೋ ಊರುಗಳಲ್ಲಿ ರಸ್ತೇಲಿ ಗಾಡಿ ತೊಳೆಯೋದು ನಿಷಿದ್ಧ. ನಾಣ್ಯ ಹಾಕೋ ವಾಷ್ ಬಾಕ್ಸಿಗೆ ಹೋಗಿ, ಟೈಮರ್ ಓಡ್ತಾ ಇರೋವಾಗ ಗಮ್ಮು ಕೆರೀಬೇಕು.

ಕಡಲತಡಿ:
ಸೀಸದ ವೇಟ್ ಬಿಸಾಡಬೇಡಿ! ಸಣ್ಣವನಿದ್ದಾಗ ಟೈರ್ ಅಂಗಡಿ ಎದುರು ಬಿದ್ದದ್ದನ್ನೆಲ್ಲ ಹೆಕ್ಕಿ ತರುತ್ತಿದ್ದೆವು. ಗಾಳಕ್ಕೆ ಕಟ್ಟಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಹಲ್ಲಿನಲ್ಲಿ ಕಚ್ಚಿ ದಾರಕ್ಕೆ ಸಿಕ್ಕಿಸಿದರೆ ಆಯ್ತು.

ಲ್ಯಾಬ್_ಮೇಡಂ:
ಹಲ್ಲಿನಲ್ಲಿ!!! ಅದು ಸೀಸ. ವಿಷ. ಮಕ್ಕಳ ಮೆದುಳಿಗೇ ಹೊಡೆತ ಅದು.

ಪಾನಾ_ಪಕ್ಕಡ್:
ಅದಕ್ಕೇ ಡ್ರೈಯರ್ ಯಾಕೆ ಅಂತ ಕೇಳಿದ್ದು ಅವರು.

ಕಡಲತಡಿ:
ಮೀನು ಬಂದಾಗ ಸಿಗಲಿಕ್ಕುಂಟು ನಿಮಗೆ, ಒಂದು ತುಂಡೂ ಕೊಡುವುದಿಲ್ಲ.

ಹೊಸ_ಡೆಲಿವರಿ:
ನಂದು ಬೇರೆ ಕಥೆ. ಹೊಸ ಗಾಡಿ, ಅಲಾಯ್ ಮೇಲೆ ಬಿಳಿ ಫಿಲ್ಮ್ ಅಂಟಿಸಿದ್ರು. ಚೆನ್ನಾಗಿದೆ, ಗೀರು ಬೀಳಲ್ಲ ಅಂತ ಎರಡು ತಿಂಗಳು ಹಾಗೇ ಬಿಟ್ಟೆ. ಈಗ ಕಿತ್ರೆ ವೀಲಿನ ಮುಖ ಪೂರ್ತಿ ಅಂಟು, ಮುಟ್ಟಿದ್ರೆ ಜಾಮ್ ಥರ.

ಪಾನಾ_ಪಕ್ಕಡ್:
ಆ ಫಿಲ್ಮ್ ಗಾಡಿ ಸಾಗಿಸೋವಾಗ, ಯಾರ್ಡಲ್ಲಿ ನಿಂತಿರೋವಾಗ ಮಳೆನೀರು ಸ್ಪೋಕ್ ಸಂದಿಯಿಂದ ಹೋಗಿ ಡಿಸ್ಕ್ ತುಕ್ಕು ಹಿಡಿಯದಿರಲಿ ಅಂತ ಹಾಕೋದು. ಡೆಲಿವರಿಗೆ ಮುಂಚೆ ಕೀಳಬೇಕು. ಅದನ್ನಿಟ್ಕೊಂಡು ಓಡಿಸಿದ್ರೆ ಬ್ರೇಕಿಗೆ ಗಾಳಿಯೂ ಆಡಲ್ಲ. ಸೋಫಾ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಯದ ಮನೆಯವರೇ ಇರಬೇಕು ನೀವು.

ಹೊಸ_ಡೆಲಿವರಿ:
ಟಿವಿ ರಿಮೋಟಿಗೂ ಕವರ್ ಇದೆ. ಪರಿಹಾರ ಹೇಳಿ ಸಾರ್.

ಲ್ಯಾಬ್_ಮೇಡಂ:
ನಿಮ್ಮದು ಸುಲಭ. ತೆಳ್ಳನೆ ಅಂಟು, ಎರಡೇ ತಿಂಗಳದ್ದು. ಉಗುರುಬೆಚ್ಚಗಿನ ನೀರಲ್ಲಿ ಕಾರ್ ಶಾಂಪೂ ಹಾಕಿ ತೊಳೆಯಿರಿ, ಆಮೇಲೆ ನೀಲಗಿರಿ ಎಣ್ಣೆ ನಾಲ್ಕು ಹನಿ ಬಟ್ಟೆಗೆ ಹಾಕಿ, ವೀಲಿಗಲ್ಲ. ಅಂಟು ಉಂಡೆ ಕಟ್ಟುತ್ತೆ, ಎತ್ತಿಬಿಡಿ. ಮತ್ತೆ ಶಾಂಪೂ. ಹಸಿರು ಸ್ಕ್ರಬ್ಬರ್ ಮಾತ್ರ ಮುಟ್ಟಬೇಡಿ, ಅದರಲ್ಲಿ ಸಾಣೆ ಕಣ ಇರುತ್ತೆ. ಬೇಸಿನ್ನಿನ ಜಿಡ್ಡು, ಒಲೆಯ ಜಿಡ್ಡು ತೆಗೆಯೋ ಕ್ಷಾರದ ಕ್ಲೀನರೂ ಬೇಡ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತೆ, ಹಳೇ ಪಾತ್ರೆ ಕಪ್ಪಾಗೋ ಹಾಗೆ ಕಪ್ಪಾಗುತ್ತೆ.

ಮಲ್ಲೇಶ್ವರದ_ಮೆಟ್ಟಿಲು:
ನಮ್ಮನೇಲಿ ಆಯುಧಪೂಜೆ ಗಮ್ಮು. ಪ್ರತಿ ವರ್ಷ ಮಕ್ಕಳು ಬಲೂನು, ಬಣ್ಣದ ಕಾಗದ ಎಲ್ಲ ವೀಲಿಗೂ ಸೆಲ್ಲೋ ಟೇಪಲ್ಲಿ ಅಂಟಿಸ್ತಾರೆ. ನಿಂಬೆಹಣ್ಣಿನ ಮೇಲೆ ಹತ್ತಿಸಿ ಒಂದು ರೌಂಡು ಹೋಗಿ ಬಂದ್ರೆ ನಿಂಬೆರಸ, ಕುಂಕುಮ, ಟೇಪು ಎಲ್ಲ ಸೇರಿ ಒಂದು ಲೇಪ. ಕುಂಕುಮ ಹೋಗುತ್ತೆ, ಟೇಪಿನ ಗೆರೆ ದೀಪಾವಳಿ ತನಕ ಇರುತ್ತೆ.

ಧಾರವಾಡ_ಫೇಡೆ:
ಡಬ್ಲ್ಯೂಡಿ-40 ಹೊಡೀರಿ. ಅದರ ಹೆಸರಿನಾಗ 40 ಯಾಕ ಅದ ಗೊತ್ತೇನು? ನೀರು ಹೊರಗ ಹಾಕೂ ಎಣ್ಣಿ ಮಾಡಾಕ ಹೋಗಿ 40ನೇ ಪ್ರಯತ್ನಕ್ಕ ಕೂಡಿ ಬಂತಂತ. 1953ರಾಗ. ನಮ್ಮ ಹುಡುಗ 3ನೇ ಪ್ರಯತ್ನಕ್ಕ ಪರೀಕ್ಷೆ ಬಿಟ್ಟು ಕುಂತಾನ.

ಪಾನಾ_ಪಕ್ಕಡ್:
ಹೊಡೆಯೋದು ಅಂದ್ರಲ್ಲ, ಅಲ್ಲೇ ಅಪಾಯ. ವೀಲು ಗಾಡಿಯಲ್ಲೇ ಇರೋವಾಗ ಸ್ಪೋಕ್ ಸಂದಿಯಿಂದ ಸ್ಪ್ರೇ ಹೊಡೆದರೆ ಸೀದಾ ಬ್ರೇಕ್ ಡಿಸ್ಕಿಗೆ. ಪ್ಯಾಡ್ ಎಣ್ಣೆ ಕುಡಿದರೆ ಮುಗೀತು, ಮುಂದಿನ ಸಿಗ್ನಲಲ್ಲಿ ಗಾಡಿ ನಿಲ್ಲಲ್ಲ. ಬಟ್ಟೆಗೆ ಹೊಡೆದು ಬಟ್ಟೆಯಿಂದ ಹಚ್ಚಿ. ಆಗೋದಾದರೆ ವೀಲನ್ನೇ ಬಿಚ್ಚಿ ಮಾಡಿ, ಒಂದು ಸಲಕ್ಕೆ ಒಂದು, ಸ್ಟೆಪ್ನಿ ಹಾಕಿಕೊಂಡು. ಹಳೇ ಗೋಣಿಚೀಲದ ಮೇಲೆ ಮಲಗಿಸಿ, ಬರೀ ನೆಲದ ಮೇಲೆ ಮುಖ ಕೆಳಗೆ ಮಾಡಿದರೆ ಸಿಮೆಂಟು ಉಜ್ಜಿ ಅದೇ ದೊಡ್ಡ ಗೀರು. ಟೈರಿನ ರಬ್ಬರಿಗೆ ಎಣ್ಣೆ ತಾಗಿದರೆ ಶಾಂಪೂ ಹಾಕಿ ತೊಳೆಯಿರಿ, ರಬ್ಬರಿಗೂ ಎಣ್ಣೆಗೂ ಆಗಿಬರಲ್ಲ.

ಪ್ಲಾಸ್ಟಿಕ್ ಬ್ಲೇಡ್ ಅಂತ ಬರುತ್ತೆ, ರೇಜರ್ ಬ್ಲೇಡ್ ಆಕಾರದ್ದೇ. ಬೆಂಗಳೂರಿನ ಜೆ.ಸಿ. ರಸ್ತೇಲಿ, ಗಾಡಿ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ. ಇಲ್ಲದಿದ್ದರೆ ಎಟಿಎಂ ಕಾರ್ಡು. ಡ್ರಿಲ್ಲಿಗೆ ಹಾಕೋ ರಬ್ಬರ್ ಚಕ್ರವೂ ಇದೆ, ಸ್ಟಿಕ್ಕರ್ ತೆಗೆಯೋರು ಬಳಸ್ತಾರೆ. ಕೈ ಪಳಗಿರದಿದ್ದರೆ ಬೇಡ. ಒಂದೇ ಕಡೆ ನಾಲ್ಕು ಸೆಕೆಂಡ್ ನಿಂತರೆ ಕ್ಲಿಯರ್ ಸುಟ್ಟು ವಾಸನೆ ಬರುತ್ತೆ.

ಎರಡನೇ_ಗೇರ್:
ಒಳಗಡೆ ಇರೋ ಒಂದು ಸಣ್ಣ ವೇಟಿಂದ ಅಷ್ಟೊಂದು ನಡುಗುತ್ತಾ ನಿಜವಾಗ್ಲೂ? ಹೆಚ್ಚಂದ್ರೆ 20 ಗ್ರಾಂ.

ಪಾನಾ_ಪಕ್ಕಡ್:
ಲೆಕ್ಕ ಮಾಡಿ. 16 ಇಂಚಿನ ವೀಲಲ್ಲಿ ಅಂಚಿನ ಹತ್ತಿರ 20 ಗ್ರಾಂ, ನಡುವಿನಿಂದ ಸುಮಾರು 20 ಸೆಂಟಿಮೀಟರ್ ದೂರ. ನೂರರ ವೇಗದಲ್ಲಿ ವೀಲು ಸೆಕೆಂಡಿಗೆ ಹತ್ತಿರಹತ್ತಿರ 15 ಸುತ್ತು ತಿರುಗುತ್ತೆ. ಆ 20 ಗ್ರಾಂ ಹೊರಗೆ ಎಳೆಯೋ ಬಲ ಮೂರೂವರೆ ಕೆ.ಜಿ. ತೂಕದಷ್ಟು. ಸೆಕೆಂಡಿಗೆ 15 ಸಲ ಯಾರೋ ಮೂರೂವರೆ ಕೆ.ಜಿ. ಅಕ್ಕಿ ಚೀಲ ಹಿಡಿದು ವೀಲನ್ನ ಮೇಲೆ ಕೆಳಗೆ ಅಲ್ಲಾಡಿಸಿದ ಹಾಗೆ. ನಲವತ್ತರಲ್ಲಿ ಗೊತ್ತೇ ಆಗಲ್ಲ, ಅದಕ್ಕೇ ಊರೊಳಗೆ ಓಡಿಸೋರು ನಂಬಲ್ಲ.

ಬಿಸಿಲೂರು:
ಈಗ ಬಿಡ್ರಿ ಅಂದಿದ್ದು ವಾಪಸ್ ತಗೋತೀನಿ.

ಎರಡನೇ_ಗೇರ್:
ಭಾನುವಾರದ ವರದಿ. ಬೆಳಗ್ಗೆ ಏಳಕ್ಕೆ ಶುರು, ಮುಗಿದಾಗ ಒಂದೂವರೆ. ಡ್ರೈಯರು, ಎಟಿಎಂ ಕಾರ್ಡು, ಆಮೇಲೆ ಹತ್ತಿಯಲ್ಲಿ ನೀಲಗಿರಿ ಎಣ್ಣೆ. ಮೊದಲ ವೀಲಿಗೆ ಎರಡು ಗಂಟೆ ಹಿಡೀತು, ಮೂರನೇದಕ್ಕೆ ಅರ್ಧ ಗಂಟೆ. ಒಂದೇ ಜಾಗದಲ್ಲಿ ಮೂರು ಪದರ ಗಮ್ಮು ಇತ್ತು, ಈರುಳ್ಳಿ ಥರ ಒಂದೊಂದೇ ಬಂತು, ತಳದ್ದು ಗಾಡಿ ಕೊಂಡಾಗಿನದೇ ಇರಬೇಕು. ಮಧ್ಯ ಒಂದು ಕಡೆ ಕಡಲತಡಿಯವರ ಮಾನ ಉಳಿಸೋಕೆ ತೆಂಗಿನೆಣ್ಣೆಯೂ ಹಚ್ಚಿದೆ. ಕೆಲಸ ಮಾಡುತ್ತೆ, ಆದರೆ ಎರಡು ಸಲ ಹಚ್ಚಬೇಕಾಯ್ತು. ಇಡೀ ಪೋರ್ಟಿಕೋ ನೆಗಡಿ ಆದವರ ಕೋಣೆ ಥರ ನಾರ್ತಾ ಇದೆ. ಒಂದು ಗೀರಿಲ್ಲ, ಬಣ್ಣ ಹೊಸದರ ಹಾಗಿದೆ.

ಕಡಲತಡಿ:
ಹೇಳಿದೆನಲ್ಲ!

ಎರಡನೇ_ಗೇರ್:
ಸಂಜೆಯ ವರದಿ. ಖುಷಿಯಲ್ಲಿ ಮೈಸೂರು ರಸ್ತೆ ಕಡೆ ಒಂದು ರೌಂಡು ಹೋದೆ. 85 ದಾಟಿದ ಕೂಡಲೇ ಸ್ಟೀರಿಂಗ್ ಗಡಗಡ. ವಾಪಸ್ ಬಂದು ಕಸದ ಬುಟ್ಟಿ ಕೆದಕಿದೆ. ಗಮ್ಮಿನ ಉಂಡೆಗಳ ನಡುವೆ ಫಳಫಳ ಹೊಳೀತಾ 15 ಗ್ರಾಮಿನ ಹೊಸ ವೇಟು. ಕಳೆದ ವಾರ ಅಂಟಿಸಿದ್ದು. ಮುಂದಿನ ಬಲ ವೀಲಲ್ಲಿ ಹಳೇ ಗಮ್ಮು ತೆಗೆಯೋ ಭರದಲ್ಲಿ ಅದನ್ನೂ ಬಿಸಿ ಮಾಡಿ ಎಬ್ಬಿಸಿಬಿಟ್ಟಿದ್ದೀನಿ.

ಪಾನಾ_ಪಕ್ಕಡ್:
ಹೊಸ ವೇಟಿನ ಸುತ್ತ ಚಾಕ್‌ಪೀಸಲ್ಲಿ ಗುರುತು ಹಾಕಿಕೊಂಡು ಶುರು ಮಾಡಿ ಅಂತ ಮೊದಲೇ ಹೇಳಬೇಕಿತ್ತು, ನನ್ನ ತಪ್ಪು. ಅದನ್ನೇ ಮತ್ತೆ ಅಂದಾಜಿನ ಮೇಲೆ ಅಂಟಿಸಬೇಡಿ, ಮೆಷಿನ್ನಿಗೆ ಹಾಕಿಸಿ. ಅಂಟಿಸೋ ಜಾಗ ಐಸೋಪ್ರೊಪೈಲಲ್ಲಿ ಒರೆಸಿ ಪೂರ್ತಿ ಒಣಗಲಿ. ಹೆಬ್ಬೆರಳಲ್ಲಿ ಗಟ್ಟಿಯಾಗಿ ಹತ್ತು ಸೆಕೆಂಡ್ ಒತ್ತಲಿ. ಮೂರು ದಿನ ಪ್ರೆಶರ್ ವಾಷ್ ಬೇಡ.

ಸ್ಟುಟ್‌ಗಾರ್ಟ್_ಕನ್ನಡಿಗ:
ನಾನೂ ಒಂದು ವರ್ಷ ಹೀಗೇ ಮಾಡಿಕೊಂಡು ಆಟೋಬಾನಲ್ಲಿ 130ರಲ್ಲಿ ಪಾಠ ಕಲಿತೆ. ನೀವು 85ಕ್ಕೇ ಕಲಿತಿರಿ, ಅಗ್ಗ.

ಎರಡನೇ_ಗೇರ್:
ಇವತ್ತು ಅದೇ ಟೈರ್ ಅಂಗಡಿಗೆ ಹೋದೆ. ಹುಡುಗ ವೀಲ್ ಬಿಚ್ಚಿ ಮೆಷಿನ್ನಿಗೆ ಹಾಕಿ, ವೇಟ್ ಕೈಯಲ್ಲಿ ಹಿಡ್ಕೊಂಡು ಒಂದು ನಿಮಿಷ ಸುಮ್ಮನೆ ನಿಂತ. "ಸಾರ್, ಇಷ್ಟು ಕ್ಲೀನಾಗಿದೆ. ಎಲ್ಲಿ ಅಂಟಿಸ್ಲಿ?" ಅಂದ.

ಲ್ಯಾಬ್_ಮೇಡಂ:
ಆ ಥಿನ್ನರ್ ವೀಲು ಏನಾಯ್ತು?

ಎರಡನೇ_ಗೇರ್:
ಪಾಲಿಶ್ ಹಾಕಿದೆ ಮೇಡಂ, ಮುಕ್ಕಾಲು ಹೋಯ್ತು. ಉಳಿದ ಕಾಲು ಭಾಗಕ್ಕೆ ಈಗ ಗಾಡಿ ಎಡಗಡೆ ಗೋಡೆಗೆ ಹತ್ತಿಸಿ ನಿಲ್ಲಿಸ್ತಾ ಇದ್ದೀನಿ.